ಈಥರ್ ಆಗದ ಮನೆತನ

ಕಾಲು ಮುರಿದುಕೊಂಡು ಬಂದವನು ಕಾಲು ಉಳಿದೀತೇ ಎಂದು ಹೆದರುವುದು ಸಹಜ. 1960ರಲ್ಲಿ ರಾಯಲ್ ಮೆಲ್ಬರ್ನ್ ಆಸ್ಪತ್ರೆಗೆ ಬಂದ 21 ವರ್ಷದ ವಿದ್ಯಾರ್ಥಿಯ ಹೆದರಿಕೆ ಬೇರೆಯೇ ಇತ್ತು. ಕಾರು ಬಡಿದು ಮೊಣಕಾಲ ಕೆಳಗಿನ ಎಲುಬು ಮುರಿದಿದ್ದರೂ ಅವನ ಚಿಂತೆಯೆಲ್ಲ ಅರಿವಳಿಕೆಯದು. ಈಥರ್ ಕೊಟ್ಟಾಗ ತನ್ನ ಬಂಧುಗಳಲ್ಲಿ ಹತ್ತು ಜನ ತೀರಿಕೊಂಡಿದ್ದಾರೆ ಎಂದು ಅವನು ಹೇಳಿದ. ಅರಿವಳಿಕೆ ಕೊಡಬೇಕಿದ್ದ ಜೇಮ್ಸ್ ವಿಲಿಯರ್ಸ್ ಈಥರ್ ಬಿಟ್ಟು, ಆಗಿನ್ನೂ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಸುಮಾರು ಹತ್ತು ನಿಮಿಷದಲ್ಲಿ ರಕ್ತದೊತ್ತಡ ಕುಸಿಯಿತು, ಹುಡುಗನ ಮೈ ನೀಲಿಗಟ್ಟಿ ಸುಡತೊಡಗಿತು. ಗ್ಯಾಸ್ ನಿಲ್ಲಿಸಿ ಸುತ್ತ ಐಸ್ ಒಟ್ಟಿದರು. ಹುಡುಗ ಬದುಕಿದ.

ಈ ಕಥೆಯ ಕೀರ್ತಿ ಪುಸ್ತಕಗಳಲ್ಲಿ ಮೈಕೇಲ್ ಡೆನ್‌ಬರೋ ಅವರಿಗೆ ಸಲ್ಲುತ್ತದೆ. ಆ ಮನೆತನದ ಸಾವುಗಳನ್ನು ಕೆದಕಿ, ಲವೆಲ್ ಅವರ ಜೊತೆ ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದವರು ಅವರು. ಸಲ್ಲಬೇಕಾದ್ದೇ. ಆದರೆ ಹುಬ್ಬಳ್ಳಿ ಸೀಮೆಯ ಓಟಿಗಳಲ್ಲಿ ಅರಿವಳಿಕೆ ಕೊಡುವ ಬಾಯ್ಲ್ ಮೆಷಿನ್ನಿನ ಪಕ್ಕ ಕೂತು ಆಯುಷ್ಯ ಕಳೆದ ನನಗೆ ವಿಲಿಯರ್ಸ್ ಮೇಲೆ ಪಕ್ಷಪಾತ. ರೋಗಿಯ ಮಾತು ಕಿವಿಯಲ್ಲಿದ್ದುದರಿಂದಲೇ ಅವರು ಕಾಯುತ್ತ ಕೂರದೆ ಗ್ಯಾಸ್ ನಿಲ್ಲಿಸಿದರು ಎಂದು ನನ್ನ ಊಹೆ. ಆವರೆಗೆ ಇಂಥ ಸಾವುಗಳಿಗೆ ಥಿಯೇಟರಿನ ಸೆಕೆ, ಔಷಧದ ಪ್ರಮಾಣ ಎಂದೆಲ್ಲ ಕಾರಣ ಹೇಳಿ ಮುಗಿಸುವುದಿತ್ತು. ಮನೆಯವರು ಮಾತ್ರ ಲೆಕ್ಕ ಇಟ್ಟುಕೊಂಡಿದ್ದರು.

ಆ ಲೆಕ್ಕವನ್ನು ವಂಶವೃಕ್ಷದ ಮೇಲೆ ಇಟ್ಟು ನೋಡಿದಾಗ ದಾರಿ ಕಂಡಿತು. ಅಪ್ಪನಿಗೋ ಅಮ್ಮನಿಗೋ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ದಿನನಿತ್ಯದಲ್ಲಿ ಹೆಚ್ಚಿನವರಿಗೆ ಏನೂ ತೊಂದರೆಯಿಲ್ಲ. ಉಳುತ್ತಾರೆ, ಓಡುತ್ತಾರೆ, ಮುದುಕರಾಗುತ್ತಾರೆ. ಈಥರ್, ಹ್ಯಾಲೋಥೇನ್‌ನಂಥ ಮೂಸುವ ಅರಿವಳಿಕೆಯೋ, ನಾವು ಸ್ಕೋಲಿನ್ ಎನ್ನುವ ಇಂಜೆಕ್ಷನ್ನೋ ಒಳಗೆ ಹೋದಾಗ ಮಾತ್ರ ಮೈ ತಿರುಗಿಬೀಳುತ್ತದೆ. ಮೊದಲ ಸಲ ಏನೂ ಆಗದೆ ಎರಡನೆಯ ಸಲ ಆದದ್ದೂ ಉಂಟು. ಇದಕ್ಕೆ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಹೆಸರು ನಿಂತಿತು. ಓಟಿಯಲ್ಲಿ ಎಂಎಚ್ ಅಂದರೆ ಸಾಕು.

ಇಲ್ಲಿಂದ ಮುಂದೆ ಕಥೆ ಹಂದಿ ಸಾಕುವವರ ಕೈಗೆ ಹೋಗುತ್ತದೆ. ಯುರೋಪಿನಲ್ಲಿ ಕೊಬ್ಬು ಕಡಿಮೆ, ಮಾಂಸ ಹೆಚ್ಚು ಇರುವ ಹಂದಿಗಳನ್ನೇ ಆರಿಸಿ ತಳಿ ಬೆಳೆಸುತ್ತಿದ್ದರು. ತೊಡೆ ದಪ್ಪ, ಬೆನ್ನು ಅಗಲ, ನೋಡಲು ಚೆಂದ. ಆದರೆ ಲಾರಿಗೆ ಹತ್ತಿಸಿದರೆ ಕಸಾಯಿಖಾನೆ ಮುಟ್ಟುವ ಮೊದಲೇ ಕೆಲವು ಸೆಟೆದು ಸಾಯುತ್ತಿದ್ದವು. ಉಳಿದವುಗಳ ಮಾಂಸವೂ ಬಿಳಿಚಿ ನೀರೊಡೆಯುತ್ತಿತ್ತು. 1966ರಲ್ಲಿ ಕೇಂಬ್ರಿಜ್‌ನಲ್ಲಿ ಹಾಲ್ ಮತ್ತು ಸಂಗಡಿಗರು ಲ್ಯಾಂಡ್‌ರೇಸ್ ಹಂದಿಗಳಿಗೆ ಸ್ಕೋಲಿನ್ ಕೊಟ್ಟಾಗ ಮೆಲ್ಬರ್ನ್ ಹುಡುಗನಿಗೆ ಆದಂಥದ್ದೇ ಆಯಿತು. ಮುಂದೆ ಸಾಕುವವರೇ ಮರಿಗಳ ಮೂತಿಗೆ ಹ್ಯಾಲೋಥೇನ್ ಮಾಸ್ಕ್ ಇಟ್ಟು, ಕಾಲು ಸೆಟೆದವನ್ನು ತಳಿಯಿಂದ ತೆಗೆದುಹಾಕತೊಡಗಿದರು. ನನ್ನ ಕಸುಬು ಹಂದಿದೊಡ್ಡಿಯಲ್ಲೂ ನಡೆದಿತ್ತು ಎಂದು ಓದಿದಾಗ ನಕ್ಕಿದ್ದೆ.

ಮದ್ದು ಸಿಕ್ಕಿದ್ದೂ ಹಂದಿಯಿಂದಲೇ. 1975ರಲ್ಲಿ ಕೇಪ್‌ಟೌನ್‌ನ ಗೈಸ್‌ಫರ್ಡ್ ಹ್ಯಾರಿಸನ್ ಇಂಥ ಹಂದಿಗಳಿಗೆ ಡ್ಯಾಂಟ್ರೊಲೀನ್ ಕೊಟ್ಟು ಬದುಕಿಸಿದರು. 1979ರಲ್ಲಿ ಅಮೆರಿಕದಲ್ಲಿ ಅದರ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಕ್ಕಿತು. ಮೊದಲು ನೂರಕ್ಕೆ ಎಪ್ಪತ್ತರ ಮೇಲಿದ್ದ ಸಾವು, ಮದ್ದು ಬೇಗ ಸಿಗುವ ಕಡೆ ಹತ್ತಕ್ಕಿಂತ ಕೆಳಗಿಳಿಯಿತು. ಆದರೆ ಕಾಟದ ಮದ್ದು ಅದು: 20 ಮಿಲಿಗ್ರಾಂನ ಒಂದೊಂದು ಬಾಟ್ಲಿಯನ್ನೂ 60 ಮಿಲಿಲೀಟರ್ ನೀರಿನಲ್ಲಿ ಕುಲುಕಿ ಕುಲುಕಿ ಕರಗಿಸಬೇಕು. 60 ಕಿಲೋ ತೂಕದವರಿಗೆ ಮೊದಲ ಸುತ್ತಿಗೇ ಏಳೆಂಟು ಬಾಟ್ಲಿ. ನಮ್ಮ ಕಡೆ ಆ ತಾಪತ್ರಯವೂ ಇರಲಿಲ್ಲ, ಏಕೆಂದರೆ ಮದ್ದೇ ಸಿಗುತ್ತಿರಲಿಲ್ಲ. ನನ್ನ ಸರ್ವೀಸಿನ ಬಹುಪಾಲು ಡ್ಯಾಂಟ್ರೊಲೀನ್ ನನಗೆ ಪರೀಕ್ಷೆಯಲ್ಲಿ ಬರೆದ ಉತ್ತರವಾಗಿಯೇ ಉಳಿಯಿತು.

ದೋಷ ಸ್ನಾಯುವಿನದೇ ಎಂದು ತೋರಿಸಿದ್ದು 1970ರಲ್ಲಿ ಟೊರಾಂಟೋದ ಕಾಲೋ ಮತ್ತು ಬ್ರಿಟ್. ರೋಗಿಯ ಸ್ನಾಯುವಿನ ಎಳೆಯನ್ನು ದ್ರಾವಣದಲ್ಲಿ ತೂಗುಹಾಕಿ ಕೆಫೀನ್ ಬೆರೆಸಿದರೆ, ಬೇರೆಯವರ ಎಳೆ ಸುಮ್ಮನಿರುವಷ್ಟು ಕಡಿಮೆ ಪ್ರಮಾಣಕ್ಕೇ ಅದು ಮುದುಡುತ್ತಿತ್ತು. ಮುಂದಿನ ವರ್ಷ ಲೀಡ್ಸ್‌ನ ಎಲ್ಲಿಸ್ ಹ್ಯಾಲೋಥೇನ್‌ನಿಂದಲೂ ಹಾಗೇ ಆಗುತ್ತದೆ ಎಂದು ತೋರಿಸಿದರು. ತೊಡೆಯಿಂದ ತುಣುಕು ತೆಗೆದು, ಅದು ಸಾಯುವ ಮೊದಲೇ ಮಾಡಿ ಮುಗಿಸಬೇಕಾದ ಪರೀಕ್ಷೆ ಇದು.

ಜೀನ್ ಕೈಗೆ ಸಿಕ್ಕಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1990ರಲ್ಲಿ ಟೊರಾಂಟೋದ ಡೇವಿಡ್ ಮ್ಯಾಕ್ಲೆನನ್ ಅವರ ಗುಂಪು 19ನೇ ಕ್ರೋಮೋಸೋಮಿನ ಆರ್‌ವೈಆರ್1 ಎಂಬ ಜೀನಿನತ್ತ ಬೆರಳು ಮಾಡಿತು. ಅದು ಕೊಡುವ ಪ್ರೋಟೀನು ರಯನೋಡಿನ್ ರಿಸೆಪ್ಟರ್, ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ದೈತ್ಯ. ನಾಲ್ಕು ಸೇರಿದರೆ ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಕೆರೆಗೆ ಒಂದು ತೂಬು. ನರದ ಅಪ್ಪಣೆ ಬಂದಾಗ ತೆರೆದು, ಕ್ಯಾಲ್ಸಿಯಂ ಹರಿದು ಸ್ನಾಯು ಬಿಗಿದೊಡನೆ ಮುಚ್ಚಬೇಕು. ದೋಷವಿದ್ದ ತೂಬಿಗೆ ಗ್ಯಾಸ್ ತಗುಲಿದರೆ ಮುಚ್ಚುವುದೇ ಇಲ್ಲ. ಮೈಯ ಸ್ನಾಯುಗಳೆಲ್ಲ ಒಮ್ಮೆಗೇ ದುಡಿಯುತ್ತವೆ: ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಜ್ವರ ಕೆಲವೊಮ್ಮೆ ಐದು ನಿಮಿಷಕ್ಕೊಂದು ಡಿಗ್ರಿ ಸೆಲ್ಸಿಯಸ್ ಜಿಗಿಯುತ್ತದೆ, ಕೋಶಗಳು ಒಡೆದು ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲುತ್ತದೆ.

1991ರಲ್ಲಿ ಅದೇ ಗುಂಪು ಹಂದಿಯ ತಪ್ಪನ್ನು ಹಿಡಿಯಿತು. 615ನೇ ಸ್ಥಾನದಲ್ಲಿ ಅರ್ಜಿನೀನ್ ಇರಬೇಕಾದಲ್ಲಿ ಸಿಸ್ಟೀನ್. ಡಿಎನ್‌ಎಯಲ್ಲಿ ಬದಲಾದದ್ದು ಒಂದೇ ಅಕ್ಷರ. ಅವರು ನೋಡಿದ ಐದು ತಳಿಗಳಲ್ಲೂ ಅದೇ ಬದಲಾವಣೆ. ಎಲ್ಲಕ್ಕೂ ಮೂಲ ಒಂದೇ ಹಂದಿ ಇರಬೇಕು. ಅದರ ಮಾಂಸಲ ಸಂತಾನವನ್ನೇ ಜನ ಆರಿಸಿ ಆರಿಸಿ ಹಬ್ಬಿಸಿದ್ದರು. ಕೆಲವು ಮನುಷ್ಯ ಕುಟುಂಬಗಳಲ್ಲೂ ಅದೇ ತಪ್ಪು ಸಿಕ್ಕಿತು, 614ನೇ ಸ್ಥಾನದಲ್ಲಿ. ಹಂದಿಗೆ ತೊಂದರೆಯಾಗಲು ಎರಡೂ ಪ್ರತಿ ಕೆಟ್ಟಿರಬೇಕು, ನಮಗೆ ಒಂದು ಕೆಟ್ಟರೂ ಸಾಕು. ಹಂದಿಗಳ ಪಾಲಿಗೆ ರಕ್ತಪರೀಕ್ಷೆಯೊಂದರಿಂದ ಸಮಸ್ಯೆ ಬಗೆಹರಿಯಿತು. ಮನುಷ್ಯರಲ್ಲಿ ಹಾಗಾಗಲಿಲ್ಲ. ಕುಟುಂಬಕ್ಕೊಂದು ತಪ್ಪು, ಕೆಲವರಲ್ಲಿ ಬೇರೆಯೇ ಜೀನು. ಡಿಎನ್‌ಎ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅಪಾಯ ಇಲ್ಲವೆನ್ನುವಂತಿಲ್ಲ.

ಹಾಗಾಗಿ ಆಪರೇಷನ್ನಿನ ಹಿಂದಿನ ದಿನ ಕೇಳುವ ಪ್ರಶ್ನೆಗೆ ಇವತ್ತಿಗೂ ಬೆಲೆಯಿದೆ. ‘ಮನ್ಯಾಗ ಯಾರಿಗರೆ ಆಪರೇಷನ್ ಆಗೂಮುಂದ ಏನರೆ ತ್ರಾಸ ಆಗಿತ್ತೇನ್ರಿ?’ ಎಂದು ನಾನು ಕೇಳುತ್ತಿದ್ದೆ. ‘ಏನಿಲ್ರಿ ಬಾಯಾರ’ ಎಂದು ಮಂದಿ ತಲೆಯಾಡಿಸುತ್ತಿದ್ದರು. ಬಾಗಿಲ ಹತ್ತಿರ ನಿಂತ ಅಜ್ಜಿ ಮಾತ್ರ ಮೆಲ್ಲಗೆ, ‘ನಮ್ಮ ಮೈದುನ ಟೇಬಲ್ ಮ್ಯಾಲೇ ಹೋದ್ನಲ್ರಿ, ಅವನ ಹಣೇಬಾರ’ ಎನ್ನುತ್ತಿದ್ದಳು. ಅಂಥ ಅಜ್ಜಿ ಸಿಕ್ಕರೆ ನಾನು ಗ್ಯಾಸಿನ ಗೋಜಿಗೆ ಹೋಗದೆ ಬೆನ್ನಿಗೆ ಸ್ಪೈನಲ್ ಕೊಡುತ್ತಿದ್ದೆ. ಅದು ಆಗದಿದ್ದರೆ ರಕ್ತನಾಳಕ್ಕೆ ಪ್ರೊಪೊಫಾಲ್ ಇಂಜೆಕ್ಷನ್. ಮೆಲ್ಬರ್ನ್ ಹುಡುಗನಿಗೂ ಮುಂದೆ ಮೂತ್ರನಾಳದ ಕಲ್ಲು ತೆಗೆಯುವಾಗ ಸ್ಪೈನಲ್ ಕೊಟ್ಟರು, ಏನೂ ಆಗಲಿಲ್ಲ.

ನಿಮ್ಮ ಬಳಗದಲ್ಲಿ ಯಾರಾದರೂ ಆಪರೇಷನ್ ಟೇಬಲ್ ಮೇಲೆ ತೀರಿಕೊಂಡಿದ್ದರೆ, ವಿಪರೀತ ಜ್ವರ ಬಂದಿದ್ದರೆ, ದವಡೆ ಬಿಗಿದಿದ್ದರೆ, ಅರಿವಳಿಕೆ ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ. ಹಳೆಯ ಕೇಸ್‌ಪೇಪರ್ ಇದ್ದರೆ ಜೊತೆಗೆ ಒಯ್ಯಿರಿ.