ಪಾಲ್ವಣಕರ್ ಬಾಳೂ

ಭಾರತೀಯ ಕ್ರಿಕೆಟ್ಟಿನ ಆದಿಕಾಲದ ಎಡಗೈ ಸ್ಪಿನ್ ಬೌಲರು, ಜನನ ಧಾರವಾಡದಲ್ಲಿ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ರೋಲರು ಎಳೆದು ಬಲೆ ಕಟ್ಟುತ್ತಿದ್ದ, ಅಸ್ಪೃಶ್ಯವೆನಿಸಿದ್ದ ಚಮ್ಮಾರ ಸಮುದಾಯದ ಈ ತರುಣರಿಗೆ, ಅಲ್ಲಿ ಆಡುತ್ತಿದ್ದ ಇಂಗ್ಲಿಷ್ ಸೇನಾಧಿಕಾರಿ ಕ್ಯಾಪ್ಟನ್ ಗ್ರೇಗನು ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿಯುಂಟು; ಬ್ಯಾಟನ್ನು ಮಾತ್ರ ಸಾಹೇಬರು ಕೈಗೆ ಕೊಡಲಿಲ್ಲ. ಮುಂದೆ ಪುಣೆಯ ಹಿಂದೂ ತಂಡಕ್ಕೆ ಇವರ ಕೈಚಳಕವು ಅನಿವಾರ್ಯವಾದಾಗ ನಡೆದುದು ಇನ್ನೂ ವಿಲಕ್ಷಣ: ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನು ನಿಸ್ಸಂಕೋಚವಾಗಿ ಹಿಡಿಯುತ್ತಿದ್ದ ಸಂಗಡಿಗರು ವಿರಾಮದಲ್ಲಿ ಪೆವಿಲಿಯನ್ನಿನೊಳಗೆ ಪಿಂಗಾಣಿಯಲ್ಲಿ ಚಹಾ ಸೇವಿಸುವಾಗ, ಇವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಚರ್ಮದ ಚೆಂಡಿಗೆ ಮೈಲಿಗೆಯಿಲ್ಲವೆಂಬ ಈ ಶಾಸ್ತ್ರವನ್ನು ಯಾವ ಸ್ಮೃತಿಕಾರನು ವಿಧಿಸಿದನೋ! ಭಾರತ ತಂಡದ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಪಡೆದರೂ ಹಿಂದೂ ತಂಡದ ನಾಯಕಪದವಿ ಇವರಿಗೆ ದೊರೆಯಲಿಲ್ಲ. 1923ರಲ್ಲಿ ಅದು ಇವರ ತಮ್ಮ ವಿಠ್ಠಲರಿಗೆ ಸಂದಿತು. ಮುಂದೆ ರಾಜಕೀಯಕ್ಕಿಳಿದು, 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಅಂಬೇಡ್ಕರರ ವಿರುದ್ಧ ನಿಂತು ಪರಾಜಿತರಾದರು. ಮರಣ 1955.