ಮೇಸ್ತ್ರಿ ಯಾರ ಕೈ?

ಸಂತೆ ಎಂಬ ಮಾತನ್ನು ಹೆಸರಿನಲ್ಲೇ ಹೊತ್ತುಕೊಂಡ ಊರು ನಮ್ಮದು, ಅಂತರಸಂತೆ. ನಮ್ಮ ಕಡೆ ದನದ ಸಂತೆಗೆ ಹೋದವರೆಲ್ಲ ದಲ್ಲಾಳಿಯನ್ನು ನೋಡಿರುತ್ತಾರೆ. ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಎತ್ತಿನ ಒಡೆಯ ಅವನಿಗೆ ‘ನೀನೇ ಮಾತಾಡಿ ಮುಗಿಸು’ ಅಂದಿದ್ದರೆ, ಆಮೇಲೆ ‘ಆ ಬೆಲೆ ನಾನು ಹೇಳಿದ್ದಲ್ಲ’ ಎಂದು ತಕರಾರು ತೆಗೆಯೋ ಹಂಗಿಲ್ಲ. ತೆಗೆದರೆ ಸಂತೆಯೇ ಉಗಿಯುತ್ತದೆ. ಎತ್ತಿನ ವಿಚಾರದಲ್ಲಿ ಇಷ್ಟು ನ್ಯಾಯ ಉಂಟು. ಎತ್ತಿನ ಜಾಗದಲ್ಲಿ ನಮ್ಮ ಜನ ನಿಂತಾಗ ಈ ನ್ಯಾಯ ಎಲ್ಲಿಗೆ ಹೋಯಿತು? ನಾವು ಕೇಳುತ್ತಿರುವುದು ಇದನ್ನೇ.

ನಮ್ಮ ಕೇರಿಯ ಮುದುಕರು ಹೇಳುತ್ತಾರೆ. ರಾಗಿ ಕಣ ಮುಗಿದ ಮೇಲೆ ಕೇರಿ ಅರ್ಧ ಖಾಲಿ. ಗಂಡಸರು, ಹೆಂಗಸರು, ಸೊಂಟದ ಮೇಲಿನ ಕೂಸು, ತಲೆ ಮೇಲಿನ ಪಾತ್ರೆ, ಎಲ್ಲ ಕೊಡಗಿನ ಕಾಫಿ ತೋಟಕ್ಕೆ. ಕರೆದುಕೊಂಡು ಹೋಗುತ್ತಿದ್ದವನು ಮೇಸ್ತ್ರಿ. ಮುಂಗಡ ಕೊಡುತ್ತಿದ್ದವನೂ ಅವನೇ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವನೂ ಅವನೇ. ಹಣ್ಣು ಕುಯ್ದು ಮುಗಿದ ಮೇಲೆ ನಮ್ಮ ತಾತ ತನ್ನ ಲೆಕ್ಕ ಕೇಳಿದರೆ ತೋಟದ ರೈಟರು, ‘ನಿನ್ನ ಲೆಕ್ಕ ನಮ್ಮತ್ರ ಇಲ್ಲ, ಮೇಸ್ತ್ರೀನ ಕೇಳ್ಕೊ’ ಅಂದನಂತೆ. ಮೇಸ್ತ್ರಿಯನ್ನು ಕೇಳಿದರೆ, ‘ಸಾವ್ಕಾರ್ರು ಇನ್ನೂ ಕೊಟ್ಟಿಲ್ಲ ಕಣ್ಲಾ’ ಅಂದನಂತೆ. ಮಗಳಿಗೆ ಜ್ವರ ಅಂತ ತಾತ ರಾತ್ರೋರಾತ್ರಿ ಊರಿಗೆ ಬಂದುಬಿಟ್ಟಾಗ ಮಾತ್ರ, ಮೂರನೇ ದಿನಕ್ಕೆ ಹಟ್ಟಿ ಮುಂದೆ ನಿಂತದ್ದು ತೋಟದ ಜೀಪು. ಇಳಿದವರು ಕೇಳಿದ್ದು, ‘ನಮ್ಮ ದುಡ್ಡು ಎಲ್ಲಿ?’

ನೋಡಿ. ಕೊಡುವಾಗ ಅದು ಮೇಸ್ತ್ರಿಯ ಲೆಕ್ಕ. ವಸೂಲು ಮಾಡುವಾಗ ತೋಟದ ದುಡ್ಡು. ಒಬ್ಬನೇ ಮೇಸ್ತ್ರಿ, ಎರಡು ಮುಖ. ಈ ಎರಡು ಮುಖವನ್ನು ಕೆತ್ತಿದವರು ಯಾರು ಎಂದು ಹುಡುಕುತ್ತಾ ಹೋದರೆ ಇತಿಹಾಸ ಸಿಗುತ್ತದೆ.

ಕೊಡಗು 1834ರಲ್ಲಿ ಕಂಪನಿಯ ಕೈಗೆ ಹೋಯಿತು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯ ಬಳಿ ಕಾಫಿ ತೋಟ ತೆರೆದ. ಅವನ ಹಿಂದೆ ಬಿಳಿಯ ತೋಟಗಾರರ ಸಾಲೇ ಬಂತು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕುಯ್ಯಲು ಆಳು ಬೇಕು. ಆಳು ಇದ್ದದ್ದು ಪಕ್ಕದ ಮೈಸೂರು ಸೀಮೆಯಲ್ಲಿ. ನೆಲ ಇಲ್ಲದವರ, ಸಾಲ ತೀರದವರ ಕೇರಿಗಳಲ್ಲಿ. ದೊರೆಗೆ ನಮ್ಮ ಭಾಷೆ ಗೊತ್ತಿಲ್ಲ, ನಮ್ಮ ಕೇರಿಯ ದಾರಿಯೂ ಗೊತ್ತಿಲ್ಲ. ಹಾಗಾಗಿ ನಡುವೆ ಮೇಸ್ತ್ರಿ ಹುಟ್ಟಿದ. ಬಿಳಿಯರು ಹೋದ ಮೇಲೂ ಮೇಸ್ತ್ರಿ ಹೋಗಲಿಲ್ಲ.

ಮೇಸ್ತ್ರಿಗಿಂತ ಮೊದಲು ಕಾನೂನು ಹೇಗೆ ಸಿದ್ಧವಾಗಿತ್ತು ನೋಡಿ. 1859ರಲ್ಲಿ 13ನೆಯ ಕಾಯ್ದೆ ಬಂತು, ಕೂಲಿಗಾರರು ಕರಾರು ಮುರಿದರೆ ಶಿಕ್ಷಿಸುವ ಕಾಯ್ದೆ. ಮುಂಗಡ ಪಡೆದ ಆಳು ಕೆಲಸಕ್ಕೆ ಬರದಿದ್ದರೆ ಮ್ಯಾಜಿಸ್ಟ್ರೇಟನ ಮುಂದೆ ಎಳೆಯಬಹುದು. ಹಣ ಹಿಂದಿರುಗಿಸು ಇಲ್ಲವೆ ಕೆಲಸ ಮಾಡು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಆ ಕಾಯ್ದೆಯೊಳಗೆ ಒಂದು ಸಣ್ಣ ಮಾತಿದೆ. ಮುಂಗಡವನ್ನು ಮಾಲೀಕನೇ ಕೊಟ್ಟಿರಬೇಕಾಗಿಲ್ಲ, ಅವನ ಪರವಾಗಿ ನಡೆಯುವ ಯಾರು ಕೊಟ್ಟರೂ ಸಾಕು. ಅಂದರೆ ನಮ್ಮನ್ನು ಜೈಲಿಗೆ ಹಾಕುವಾಗ ಮೇಸ್ತ್ರಿಯ ಕೈ ದೊರೆಯ ಕೈಯೇ. ಅದರಲ್ಲಿ ಸರ್ಕಾರಕ್ಕೆ ಯಾವ ಅನುಮಾನವೂ ಇರಲಿಲ್ಲ.

ಹದಿಮೂರು ವರ್ಷದ ಮೇಲೆ, 1872ರಲ್ಲಿ, ಭಾರತೀಯ ಕರಾರು ಕಾಯ್ದೆ ಬಂತು. ಅದರ ಹತ್ತನೆಯ ಅಧ್ಯಾಯ ಪೂರ್ತಿ ಧಣಿ ಮತ್ತು ಏಜೆಂಟನ ಸಂಬಂಧದ್ದು. ನಮ್ಮಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದ ಮೊದಲ ತಲೆಮಾರು ನಾವು. ಈ ಅಧ್ಯಾಯವನ್ನು ಓದಿದ ದಿನ ನಮಗೆ ನಿದ್ದೆ ಬರಲಿಲ್ಲ. ಅಲ್ಲಿ ಏನಿದೆ?

182ನೆಯ ಕಲಮು: ಇನ್ನೊಬ್ಬನಿಗಾಗಿ ಕೆಲಸ ಮಾಡಲು, ಇಲ್ಲವೆ ಅವನ ಪರವಾಗಿ ಹೊರಗಿನವರ ಜೊತೆ ವ್ಯವಹರಿಸಲು ನೇಮಕವಾದವನು ಏಜೆಂಟ. ಯಾರ ಪರವಾಗಿಯೋ ಅವನು ಧಣಿ. ನೇಮಕಕ್ಕೆ ಕಾಗದ ಬೇಕಿಲ್ಲ. ಆಡಿದ ಮಾತಿನಿಂದ, ನಡೆದುಬಂದ ವ್ಯವಹಾರದಿಂದ ಅದನ್ನು ತಿಳಿಯಬಹುದು ಎನ್ನುತ್ತದೆ 187. ಏಜೆಂಟನ ಮೂಲಕ ಆದ ಕರಾರು ಧಣಿಯೇ ಕೂತು ಮಾಡಿದ ಕರಾರಿಗೆ ಸಮ ಎನ್ನುತ್ತದೆ 226. ಧಣಿಯ ವ್ಯವಹಾರ ನಡೆಸುತ್ತಾ ಏಜೆಂಟ ಮಾಡಿದ ಮೋಸ, ಆ ಕರಾರಿನ ಮಟ್ಟಿಗೆ ಧಣಿಯೇ ಮಾಡಿದ ಮೋಸದಂತೆ, ಇದು 238. ಇನ್ನು 199. ಅಪ್ಪಣೆ ಮೀರಿ ಮಾಡಿದ ಕೆಲಸವನ್ನು ಧಣಿ ಆಮೇಲೆ ಒಪ್ಪಿಕೊಂಡರೆ ಇಡೀ ವ್ಯವಹಾರವನ್ನು ಒಪ್ಪಿದಂತೆ. ಬೇಕಾದ್ದು ಆರಿಸಿಕೊಂಡು ಬೇಡವಾದ್ದು ಉಗುಳುವ ಹಾಗಿಲ್ಲ. ಮೇಸ್ತ್ರಿ ತಂದ ಆಳಿಂದ ಹಣ್ಣು ಕುಯ್ಯಿಸಿಕೊಂಡ ಮೇಲೆ, ಮೇಸ್ತ್ರಿ ಕೊಟ್ಟ ಮಾತು ನನ್ನದಲ್ಲ ಎನ್ನುವುದು ಹೇಗೆ?

ಸಂತೆಯ ನ್ಯಾಯವೇ ಪುಸ್ತಕದಲ್ಲೂ ಇದೆ. ಆದರೆ ಕೇರಿಗೆ ಬಂದದ್ದು 1859ರ ಕಾಯ್ದೆ, 1872ರದ್ದು ಬರಲಿಲ್ಲ. ಮೊದಲನೆಯದನ್ನು ತರಲು ಪೊಲೀಸಿನವನಿದ್ದ. ಎರಡನೆಯದನ್ನು ನಾವೇ ತರಬೇಕಿತ್ತು, ವಕೀಲರನ್ನು ಹಿಡಿದು, ಸಿವಿಲ್ ಕೋರ್ಟಿಗೆ ಅಲೆದು, ಸಾಕ್ಷಿ ಕಟ್ಟಿ. ಸಾಕ್ಷಿ ಎಲ್ಲಿದೆ? ಮೇಸ್ತ್ರಿಯ ಪುಸ್ತಕದಲ್ಲಿ. ಕೋರ್ಟಿಗೆ ಹೋದರೂ ಧಣಿಯ ಕಡೆಯವರಿಗೆ ಒಂದು ಕಿಂಡಿ ಇತ್ತು. ‘ಅವನು ನಮ್ಮ ಏಜೆಂಟನಲ್ಲ, ಸ್ವತಂತ್ರ ಕಂಟ್ರಾಕ್ಟರು’ ಅನ್ನುವುದು. ತನ್ನ ಇಷ್ಟದಂತೆ ಕೆಲಸ ಮಾಡಿ ಮುಗಿಸಿಕೊಡುವವನು ಕಂಟ್ರಾಕ್ಟರು, ಧಣಿಯ ಪರವಾಗಿ ನಡೆಯುವವನು ಏಜೆಂಟ. ಯಾವ ಸಾಲಿನ ಗಿಡ, ಎಷ್ಟು ಗಂಟೆಗೆ ಕೆಲಸ, ಯಾವ ಲೈನ್ ಮನೆ ಎಂಬುದನ್ನೆಲ್ಲ ತೋಟವೇ ಹೇಳುತ್ತಿರುವಾಗ ಮೇಸ್ತ್ರಿ ಯಾವ ಸೀಮೆಯ ಸ್ವತಂತ್ರ?

ಮೇಸ್ತ್ರಿಯನ್ನು ಬೈದು ಮುಗಿಸುವುದು ಸುಲಭ. ಎಷ್ಟೋ ಮೇಸ್ತ್ರಿಗಳು ನಮ್ಮ ಕೇರಿಯವರೇ, ನಮ್ಮ ನೆಂಟರೇ. ತಲೆಗಿಷ್ಟು ಕಮಿಷನ್ನಿಗೆ ದುಡಿದವರು. ಆಳು ಓಡಿಹೋದರೆ ಆ ಮುಂಗಡ ಮೇಸ್ತ್ರಿಯ ತಲೆಗೇ ಕಟ್ಟುತ್ತಿತ್ತು. 222ನೆಯ ಕಲಮು ಹೇಳುವುದೇ ಬೇರೆ. ಅಧಿಕಾರದೊಳಗೆ ನ್ಯಾಯವಾಗಿ ಮಾಡಿದ ಕೆಲಸದಿಂದ ಏಜೆಂಟನಿಗೆ ಬರುವ ನಷ್ಟವನ್ನು ಧಣಿಯೇ ತುಂಬಬೇಕು. ತೋಟದಲ್ಲಿ ನಷ್ಟ ಮೇಲಿನಿಂದ ಕೆಳಕ್ಕೆ ಉರುಳಿತು. ಧಣಿಯಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಕೂಲಿಗೆ, ಕೂಲಿಯಿಂದ ಅವಳ ಮಗುವಿನ ಹೊಟ್ಟೆಗೆ.

1859ರ ಕಾಯ್ದೆಯನ್ನು 1925ರಲ್ಲಿ ರದ್ದು ಮಾಡಿದರು. ಕೊಡಗಿನಲ್ಲಿ 1926ರ ಬೇರೊಂದು ಕಾಯ್ದೆ ಅದೇ ಭಯವನ್ನು ಇನ್ನೂ ಕೆಲವು ವರ್ಷ ಉಳಿಸಿತು. 1950ರ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆ, ನೇರವಾಗಿ ಬಂದರೂ ಮಧ್ಯವರ್ತಿಯ ಮೂಲಕ ಬಂದರೂ ಕೂಲಿಯವರು ತೋಟದ ಕಾರ್ಮಿಕರೇ ಎಂದಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇನ್ನೂ ಬಿಡಿಸಿ ಹೇಳಿತು. ಕಂಟ್ರಾಕ್ಟರು ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು. 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂತು. ಮುಂಗಡದ ಸಾಲಕ್ಕೆ ಮೈಯನ್ನು ಒತ್ತೆ ಇಡುವುದು ಅಪರಾಧವಾಯಿತು.

ಕಾಗದದ ಮೇಲೆ ಇವೆಲ್ಲ ಆಗುತ್ತಿದ್ದಾಗ ನಮ್ಮ ತಾಲ್ಲೂಕಿನಲ್ಲಿ ಏನಾಗುತ್ತಿತ್ತು? 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹಿನ್ನೀರು ಹಳ್ಳಿಗಳನ್ನು ನುಂಗಿತು. ನಾಗರಹೊಳೆಯ ಕಾಡಿನಿಂದ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಹೊರಕ್ಕೆ ತಳ್ಳಿದರು. ನೆಲ ಹೋದವರು, ಕಾಡು ಹೋದವರು ಇಬ್ಬರೂ ಹೋಗಿ ಸೇರಿದ್ದು ಮೇಸ್ತ್ರಿಯ ಪುಸ್ತಕಕ್ಕೆ.

ಕೋರ್ಟು ಕಣ್ಣು ತೆರೆದದ್ದೂ ಉಂಟು. ಕೇರಳದ ಹಗ್ಗದ ಕಾರ್ಖಾನೆಯೊಂದರ ಹುಸೇನ್‌ಭಾಯಿ ಮೊಕದ್ದಮೆಯಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ನಡುವಿನ ಕಂಟ್ರಾಕ್ಟರುಗಳ ಪರದೆ ಸರಿಸಿ, ಯಾರ ಕೈಯಲ್ಲಿ ದುಡಿಯುವವರ ಬದುಕಿದೆಯೋ ಅವನೇ ಮಾಲೀಕ ಎಂದರು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದೇ ಬಲವಂತದ ದುಡಿಮೆ, ಕಂಟ್ರಾಕ್ಟರನ ಹಿಂದೆ ಸರ್ಕಾರ ಅಡಗುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ಗಾಳಿ ತಿರುಗಿತು. 2001ರ ಉಕ್ಕು ಪ್ರಾಧಿಕಾರದ ತೀರ್ಪು, ಗುತ್ತಿಗೆ ರದ್ದಾದ ಮಾತ್ರಕ್ಕೆ ಕಾರ್ಮಿಕರು ಮಾಲೀಕನ ನೌಕರರಾಗುವುದಿಲ್ಲ, ಗುತ್ತಿಗೆಯೇ ಬರಿ ಸೋಗು ಎಂದು ತೋರಿಸಬೇಕು ಎಂದಿತು. 1970ರ ಕಾಯ್ದೆ 20 ಜನರಿಂದ ಅನ್ವಯವಾಗುತ್ತಿತ್ತು. ಅದರ ಜಾಗಕ್ಕೆಂದು 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆ ಆ 20ನ್ನು 50 ಮಾಡಿತು.

50! ನಮ್ಮ ಕಡೆಯಿಂದ ಬೆಳಗಿನ ಜಾವ ಹೊರಡುವ ಜೀಪಿನಲ್ಲಿ ಒತ್ತಿ ತುಂಬಿದರೂ ಹದಿನೈದು ಜನ. ಇವತ್ತು ಕೊಡಗಿನ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರನ್ನೂ ಯಾರೋ ಒಬ್ಬ ಕರೆದು ತಂದಿರುತ್ತಾನೆ. ಪುಸ್ತಕದ ಬದಲು ಅವನ ಕೈಯಲ್ಲಿ ಫೋನಿದೆ.

ಹಾಗಾದರೆ ಹದಿನೈದು ಜನಕ್ಕೆ ಏನು ಉಳಿಯಿತು? 1872 ಉಳಿದಿದೆ, ಗೆಳೆಯರೇ. ಹತ್ತನೆಯ ಅಧ್ಯಾಯಕ್ಕೆ 20, 50ರ ಲೆಕ್ಕ ಇಲ್ಲ. ಒಬ್ಬಳೇ ಕೂಲಿಯಾದರೂ ಅದು ಅನ್ವಯಿಸುತ್ತದೆ. ಮೇಸ್ತ್ರಿ ತನ್ನ ಧಣಿಯ ಹೆಸರು ಮುಚ್ಚಿಟ್ಟರೆ ಆ ಕರಾರಿಗೆ ತಾನೂ ಹೊಣೆಯಾಗುತ್ತಾನೆ ಎನ್ನುತ್ತದೆ 230. ಹಾಗೆ ಅವನೂ ಹೊಣೆಯಾದಾಗ ಅವನನ್ನು, ಧಣಿಯನ್ನು, ಇಬ್ಬರನ್ನೂ ಹಿಡಿಯಬಹುದು ಎನ್ನುತ್ತದೆ 233.

ನಮ್ಮ ತಾತನಿಗೆ ಬರೆಯಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ. ಪದ್ಯ ಬರೆಯುವ ಈ ಕೈ ಇನ್ನೊಂದನ್ನೂ ಬರೆಯಬೇಕು. ಸುಗ್ಗಿ ಮುಗಿದು ಜೀಪು ಬಂದಾಗ ಕೇರಿಯ ಬಾಯಲ್ಲಿ ನಿಂತು ಒಂದು ನೋಟುಪುಸ್ತಕ ತೆರೆಯೋಣ. ತೋಟ ಯಾವುದು, ಧಣಿ ಯಾರು, ದಿನಕ್ಕೆ ಎಷ್ಟು, ಮುಂಗಡ ಎಷ್ಟು, ಹೊರಟವರು ಯಾರ್‍ಯಾರು. ಜೀಪಿನ ನಂಬರನ್ನೂ ಬರೆಯೋಣ. ಮೇಸ್ತ್ರಿಯಿಂದಲೇ ರುಜು ಹಾಕಿಸೋಣ. ಇಷ್ಟು ಕಾಲ ಪುಸ್ತಕ ಅವನ ಕೈಯಲ್ಲಿತ್ತು, ಹೆಬ್ಬೆಟ್ಟು ನಮ್ಮದಿತ್ತು.

ಅವನನ್ನು ಕೇಳಬೇಕಾದದ್ದು ಒಂದೇ ಮಾತು. ‘ಅಣ್ಣಾ, ನೀನು ಯಾರ ಪರವಾಗಿ ಬಂದಿದೀಯ? ಹೆಸರು ಹೇಳು, ಬರ್ಕೋತೀವಿ.’