ಹಿಂದಿಯ ತೆರೆ, ಕನ್ನಡದ ಬರಹ

ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂದದ್ದು 1990ರಲ್ಲಿ. ಶರೀಫರ ಪಾತ್ರದಲ್ಲಿ ಶ್ರೀಧರ್, ಗುರು ಗೋವಿಂದ ಭಟ್ಟರ ಪಾತ್ರದಲ್ಲಿ ಗಿರೀಶ ಕಾರ್ನಾಡ. ಶರೀಫರ ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಊರು. ಆ ವೇಳೆಗೆ ಕಾರ್ನಾಡರು ಹದಿನೈದು ವರ್ಷಗಳಿಂದ ಹಿಂದಿ ಚಿತ್ರಗಳಲ್ಲಿ ನಟಿಸುತ್ತಿದ್ದರು. ಮುಂಬಯಿಯ ಸಿನಿಮಾಕ್ಕೆ ಹೋದವನು ಅಲ್ಲಿಯವನೇ ಆಗಿಬಿಡುತ್ತಾನೆ ಎನ್ನುವುದುಂಟು. ಕಾರ್ನಾಡರ ಬದುಕು ಆ ಮಾತನ್ನು ಒಪ್ಪುತ್ತದೆಯೇ?

ಅವರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನದಲ್ಲಿ. ಮನೆಮಾತು ಕೊಂಕಣಿ. ತಂದೆ ಡಾ. ರಘುನಾಥ ಕಾರ್ನಾಡರ ವೈದ್ಯವೃತ್ತಿಯಿಂದಾಗಿ ಬಾಲ್ಯ ಶಿರಸಿಯಲ್ಲಿ ಕಳೆಯಿತು. ಯಕ್ಷಗಾನ, ಕಂಪನಿ ನಾಟಕಗಳ ಹುಚ್ಚು ಹತ್ತಿದ್ದು ಅಲ್ಲಿಯೇ. ಆಮೇಲೆ ಧಾರವಾಡ. 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಪದವಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಆಗ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದ ತರುಣ ಬರೆದ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು. 1964ರಲ್ಲಿ ‘ತುಘಲಕ್’ ಬಂತು. ಇಂಗ್ಲಿಷ್ ಬಲ್ಲ ಕೊಂಕಣಿಗ ನಾಟಕಕ್ಕೆ ಆರಿಸಿಕೊಂಡದ್ದು ಕನ್ನಡವನ್ನು.

ಸಿನಿಮಾದ ನಂಟು ಬೆಳೆದದ್ದು 1970ರ ‘ಸಂಸ್ಕಾರ’ದಿಂದ. ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯನ ಪಾತ್ರವನ್ನೂ ಮಾಡಿದರು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಈ ಚಿತ್ರಕ್ಕೆ ಮುಂದೆ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷ ಮದರಾಸಿನ ಪ್ರಕಾಶನ ಸಂಸ್ಥೆಯ ಕೆಲಸ ಬಿಟ್ಟರು. ಬಿ.ವಿ. ಕಾರಂತರ ಜೊತೆ ನಿರ್ದೇಶಿಸಿದ ‘ವಂಶವೃಕ್ಷ’ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. 1973ರಲ್ಲಿ ‘ಕಾಡು’ ಬಂತು.

ಹಿಂದಿಗೆ ಕರೆದೊಯ್ದವರು ಶ್ಯಾಮ್ ಬೆನಗಲ್. 1975ರ ‘ನಿಶಾಂತ್’ನಲ್ಲಿ ಕಾರ್ನಾಡರು ಜಮೀನ್ದಾರರ ಮನೆಯವರು ಹೆಂಡತಿಯನ್ನು ಹೊತ್ತೊಯ್ದಾಗ ಅಸಹಾಯಕನಾಗುವ ಶಾಲಾ ಮಾಸ್ತರ. ಮರುವರ್ಷದ ‘ಮಂಥನ್’ನಲ್ಲಿ ಹಳ್ಳಿಯ ಹಾಲಿನ ಸಹಕಾರ ಸಂಘ ಕಟ್ಟಲು ಬರುವ ಪಶುವೈದ್ಯ ಡಾ. ರಾವ್. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ತಯಾರಿಸಿದ ಚಿತ್ರವಿದು. 1977ರ ‘ಸ್ವಾಮಿ’ಯಲ್ಲಿ ಬಾಸು ಚಟರ್ಜಿಯವರು ಅವರನ್ನು ಸಾಮಾನ್ಯ ಪ್ರೇಕ್ಷಕರಿಗೂ ಪರಿಚಯಿಸಿದರು.

ನಿರ್ದೇಶಕರಾಗಿ ಅವರು ಹಿಂದಿಗೆ ಒಯ್ದದ್ದೇನು? ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯನ್ನು ಕಾರಂತರೊಡನೆ ಕನ್ನಡದ ಜೊತೆಗೆ ಹಿಂದಿಯಲ್ಲೂ ‘ಗೋಧೂಳಿ’ ಎಂಬ ಹೆಸರಿನಲ್ಲಿ ತೆಗೆದರು. 1984ರಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ‘ಉತ್ಸವ್’. ನಿರ್ಮಾಪಕ ಶಶಿ ಕಪೂರ್, ವಸಂತಸೇನೆ ರೇಖಾ; ಕಳ್ಳನ ಪಾತ್ರಕ್ಕೆ ನಮ್ಮ ಶಂಕರನಾಗ್. ದುಡ್ಡು ಸುರಿದು ತೆಗೆದ ಈ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತು, ಶಶಿ ಕಪೂರರಿಗೆ ಭಾರಿ ನಷ್ಟ ತಂದಿತು. 1992ರ ‘ಚೆಲುವಿ’ ಚಿಕ್ಕ ಚಿತ್ರ. ಹೂವಿನ ಮರವಾಗಬಲ್ಲ ಹುಡುಗಿಯ ಕನ್ನಡ ಜಾನಪದ ಕಥೆಯೇ ಅದರ ಮೂಲ. ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಹಿಂದಿಗೆ ಹೋದದ್ದರಿಂದ ಕನ್ನಡಕ್ಕೆ ನಷ್ಟವಾಯಿತೇ? ಅವರು ಇಡೀ ಸಮಯ ಇಲ್ಲೇ ಇದ್ದಿದ್ದರೆ ‘ಕಾಡು’ವಿನಂಥ ಚಿತ್ರಗಳು ಇನ್ನೂ ಬರುತ್ತಿದ್ದವು ಎಂದು ವಾದಿಸಬಹುದು. ಆ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ‘ನಾಗಮಂಡಲ’ 1988, ‘ತಲೆದಂಡ’ 1990, ‘ಅಗ್ನಿ ಮತ್ತು ಮಳೆ’ 1995. ಮೂರೂ ಹಿಂದಿ ಚಿತ್ರಗಳಿಗೆ ಹೋಗಿಬರುತ್ತಿದ್ದ ಕಾಲದವು. ನಾಟಕ ಬರೆದು ಸಂಸಾರ ಸಾಗಿಸುವುದು ಕನ್ನಡದಲ್ಲಿ ಕಷ್ಟ. ಕ್ಯಾಮರಾದ ಮುಂದೆ ದುಡಿದವನಿಗೆ ನಾಟಕದಿಂದಲೇ ಹೊಟ್ಟೆ ಹೊರೆಯಬೇಕಾದ ಒತ್ತಡವಿರಲಿಲ್ಲ. 1998ರಲ್ಲಿ ಜ್ಞಾನಪೀಠ ಬಂದದ್ದು ಸಾಹಿತ್ಯಕ್ಕೇ ಹೊರತು ಸಿನಿಮಾಕ್ಕಲ್ಲ.

ಬ್ಯಾಡಗಿ ತಾಲ್ಲೂಕಿನವರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. 1980ರ ದಶಕದ ಕೊನೆಗೆ ಕಾರ್ನಾಡರು ‘ಕನಕ ಪುರಂದರ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಕನಕದಾಸರ ಕಾಗಿನೆಲೆ ಇರುವುದು ಇದೇ ತಾಲ್ಲೂಕಿನಲ್ಲಿ. ತೆರೆಯ ಮೇಲೆ ಶರೀಫರಿಗೆ ಗುರುವಾದವರು, ಕ್ಯಾಮರಾ ಹಿಂದೆ ನಿಂತು ಕನಕರ ಕಥೆಯನ್ನೂ ಹೇಳಿದ್ದರು.

ಹೊಸ ತಲೆಮಾರಿಗೆ ಅವರು ‘ಏಕ್ ಥಾ ಟೈಗರ್’ ಚಿತ್ರದಲ್ಲಿ ಸಲ್ಮಾನ್ ಖಾನರ ಮೇಲಧಿಕಾರಿ. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ದುರಸ್ತಿಗೊಂಡ ‘ಮಂಥನ್’ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಲ್ಲಿ ಮತ್ತೆ ತೆರೆಯ ಮೇಲೆ ಬಂದ ಡಾ. ರಾವ್ ಮಾತಾಡುವುದು ಹಿಂದಿ. ಆ ಪಾತ್ರ ಮಾಡಿದವರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಬರೆದದ್ದು ಕನ್ನಡದಲ್ಲಿ; ಅದರ ಹೆಸರಿನಲ್ಲೇ ಧಾರವಾಡದ ಮಾತಿನ ಸೊಗಡಿದೆ.